ಹನ್ನೊಂದನೆಯ ಕಲಮು

ನಾನೂ ಒಬ್ಬ ಗ್ರಂಥಕರ್ತ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನಮ್ಮ ಮನೆಯಾಕೆಯೂ ನಗುತ್ತಾಳೆ. ಹರೆಯದಲ್ಲಿ ಬರೆದ ಎರಡು ಕಥೆಗಳು ಪತ್ರಿಕೆಯ ಕಚೇರಿಗೆ ಹೋಗಿ, ಅಂಚೆಯ ಖರ್ಚನ್ನೂ ತಿಂದು, ಹೋದ ದಾರಿಯಲ್ಲೇ ಮರಳಿ ಬಂದವು. ಆದರೆ ನನ್ನದೊಂದು ಕೃತಿ ಮಾತ್ರ ಅಚ್ಚಾಯಿತು. ಒಂದು ಸಲವಲ್ಲ, ವರ್ಷ ವರ್ಷವೂ ಅಚ್ಚಾಯಿತು. ತಾಲ್ಲೂಕು ಕಚೇರಿಗಳಿಗೆ ಕಟ್ಟು ಕಟ್ಟಾಗಿ ಹೋಯಿತು. ಜನ ಅದನ್ನು ಓದಿದರು, ಓದಲು ಬಾರದವರು ಓದಿಸಿ ಕೇಳಿದರು, ಕೆಲವರು ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿ ತಂದರು. ಅದರ ಹೆಸರು ‘ಹಳ್ಳಿಗಳಲ್ಲಿ ವಿದ್ಯುಚ್ಛಕ್ತಿಯ ಪಂಪು ಹೂಡುವವರು ಸರ್ಕಾರದ ಸಾಲ ಕೋರುವ ಅರ್ಜಿಯ ನಮೂನೆ’. ಕರ್ತೃವಿನ ಹೆಸರು ಅದರಲ್ಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಆಗ ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಪಟ್ಟಣಕ್ಕೆ ಕರೆಂಟು ಬಂದು ಬಹಳ ವರ್ಷಗಳಾಗಿದ್ದವು. ದಸರೆಯಲ್ಲಿ ಅರಮನೆಯ ದೀಪ ನೋಡಿ ನೋಡಿ, ನಮಗೆಲ್ಲ ಕರೆಂಟೆಂದರೆ ದೀಪ, ದೀಪವೆಂದರೆ ಬಾಯಿ ಬಿಟ್ಟುಕೊಂಡು ನೋಡುವುದು, ಅಷ್ಟೇ ಅಭ್ಯಾಸ. ಅದು ಬಾವಿಯಿಂದ ನೀರನ್ನೂ ಎತ್ತೀತು ಎಂಬುದು ನಮ್ಮ ತಲೆಗೆ ಅಷ್ಟಾಗಿ ಹೊಳೆದಿರಲಿಲ್ಲ. ಹೊಳೆದದ್ದು ಸರ್ಕಾರಕ್ಕೆ. ಹಳ್ಳಿಗಳ ಕಡೆ ತಂತಿ ಎಳೆಯುವುದೆಂದೂ ಪಂಪು ಕೊಳ್ಳುವ ರೈತರಿಗೆ ಸಾಲ ಕೊಡುವುದೆಂದೂ ಹುಕುಂ ಆಯಿತು. ನಮ್ಮ ಸಾಹೇಬರು ನನ್ನನ್ನು ಕರೆದು, “ಎರಡು ದಿನದಲ್ಲಿ ಅರ್ಜಿಗೆ ಒಂದು ನಮೂನೆ ಮಾಡ್ಕೊಂಡು ಬನ್ರೀ” ಎಂದರು.

ನಮ್ಮ ಹೆಡ್ ಗುಮಾಸ್ತ ನರಸಿಂಗರಾಯರಿಗೆ ಒಂದು ಸಿದ್ಧಾಂತವಿತ್ತು: ಹೊಸದಾಗಿ ಯೋಚಿಸುವುದು ಅಹಂಕಾರದ ಲಕ್ಷಣ. ನಾನು ಬಿಳಿಯ ಹಾಳೆಯ ಮುಂದೆ ಲೇಖನಿ ಕಚ್ಚುತ್ತ ಕೂತದ್ದನ್ನು ಕಂಡು ಅವರಿಗೆ ಮರುಕ ಬಂತು. “ಯಾಕಯ್ಯಾ ಒದ್ದಾಡ್ತೀಯಾ? ಹಳೇ ಕಡತ ತೆಗಿ. ಕಡತಕ್ಕಿಂತ ನೀನು ಬುದ್ಧಿವಂತನೇನು?” ಎಂದರು. ಅಲ್ಲವೆಂದು ನನಗೂ ಗೊತ್ತಿತ್ತು. ಬೀರುವಿನಲ್ಲಿ ಕಪಿಲೆ ಸಾಲದ ಕಡತವೊಂದಿತ್ತು. ಕಪಿಲೆ ಗೊತ್ತಲ್ಲ, ಎರಡು ಎತ್ತು ಹಿಂದಕ್ಕೂ ಮುಂದಕ್ಕೂ ನಡೆದು ತೊಗಲಿನ ಬಾನಿಯಲ್ಲಿ ಬಾವಿಯ ನೀರೆತ್ತುವುದು. ಅದೂ ನೀರೆತ್ತುವುದಕ್ಕೆ, ಇದೂ ನೀರೆತ್ತುವುದಕ್ಕೆ. ಕಪಿಲೆ ಎಂದಿದ್ದಲ್ಲೆಲ್ಲ ಪಂಪು ಎಂದು ಹಾಕಿ, ದುಂಡು ಅಕ್ಷರದಲ್ಲಿ ನಕಲು ಮಾಡಿ, ಮಧ್ಯಾಹ್ನದ ಕಾಫಿಯ ಹೊತ್ತಿಗೆ ಕೃತಿಯನ್ನು ಮುಗಿಸಿದೆ. ಇಪ್ಪತ್ತೆರಡು ಕಲಮುಗಳು. ನರಸಿಂಗರಾಯರು ಸಹಿ ಮಾಡಿದರು, ಸಾಹೇಬರೂ ಸಹಿ ಮಾಡಿದರು. ಮೂವರಲ್ಲಿ ಒಬ್ಬರೂ ಎತ್ತಿನ ಬಾಲ ಹಿಡಿದವರಲ್ಲ.

ನಮೂನೆಯ ಕರಡು ಗೆಜೆಟ್ಟಿನಲ್ಲಿ ಪ್ರಕಟವಾಯಿತು. ‘ಸಾರ್ವಜನಿಕರು ತಮ್ಮ ಆಕ್ಷೇಪಣೆಗಳನ್ನು ಒಂದು ತಿಂಗಳೊಳಗಾಗಿ ಕಳುಹಿಸಬಹುದು’ ಎಂದು ಕೆಳಗೆ ಒಂದು ಸಾಲು. ಈ ಸಾಲಿನ ಮೇಲೆ ನನಗೆ ಮೊದಲಿನಿಂದ ಒಂದು ಗುಮಾನಿ. ಹಳೆಯ ಕಾಲದ ರಾಜರ ಕಾಗದಪತ್ರವೆಂದರೆ ಕಲ್ಲಿನ ಶಾಸನ. ಅದರಲ್ಲಿ ದಾನವನ್ನು ಹೇಳಿ, ಮೇರೆಗಳನ್ನು ಹೇಳಿ, ಕೊನೆಗೆ ಇದಕ್ಕೆ ತಪ್ಪಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟಲಿ ಎಂದು ಶಾಪ ಹಾಕಿ ಮುಗಿಸುತ್ತಿದ್ದರು. ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಕೇಳಿದ ಶಾಸನವನ್ನು ನಾನಂತೂ ಕಂಡಿಲ್ಲ. ಕಲ್ಲು ಕೆತ್ತಿ ಮುಗಿದ ಮೇಲೆ ತಿದ್ದುವವರು ಯಾರು ಎಂಬುದೂ ಒಂದು ಕಾರಣವಿರಬಹುದು. ಕಾಗದ ಬಂದ ಮೇಲೆ ಸರ್ಕಾರಕ್ಕೆ ವಿನಯ ಬಂತು. ಆದರೆ ಗುಮಾಸ್ತನಿಗೆ ವಿನಯ ಬರುವುದಕ್ಕೆ ಕಾಗದ ಸಾಲದು.

ತಿಂಗಳಲ್ಲಿ ಮೂರು ಆಕ್ಷೇಪಣೆಗಳು ಬಂದವು. ಪಿಂಚಣಿ ಪಡೆದ ಒಬ್ಬ ಅಮಲ್ದಾರರು, ತಮ್ಮ ಕಾಲದಲ್ಲಿ ಇಂಥದೆಲ್ಲ ಇರಲಿಲ್ಲ, ಆದರೂ ಮಳೆ ಚೆನ್ನಾಗಿ ಆಗುತ್ತಿತ್ತು ಎಂದು ಬರೆದಿದ್ದರು. ಇನ್ನೊಬ್ಬರು ಪಕ್ಕದ ಮನೆಯ ಮೇಕೆ ತಮ್ಮ ಹೂವಿನ ಗಿಡ ತಿನ್ನುವುದನ್ನು ಸರ್ಕಾರದ ಗಮನಕ್ಕೆ ತಂದಿದ್ದರು. ಮೂರನೆಯವರಿಗೆ ನಮೂನೆಯ ವಿಚಾರದಲ್ಲಿ ಪೂರ್ಣ ತೃಪ್ತಿಯಿತ್ತು. ಅವರ ಅಳಿಯನಿಗೊಂದು ಕೆಲಸ ಬೇಕಾಗಿತ್ತು. ಕೊನೆಯ ದಿನ ಮಧ್ಯಾಹ್ನ ನಾನು ‘ಪರಿಶೀಲನೆಗೆ ಯೋಗ್ಯವಾದ ಆಕ್ಷೇಪಣೆ ಯಾವುದೂ ಬಂದಿರುವುದಿಲ್ಲ’ ಎಂದು ಟಿಪ್ಪಣಿ ಬರೆದು, ಶಾಯಿ ಆರಲೆಂದು ಊದುತ್ತಿದ್ದೆ. ಆಗ ಬಾಗಿಲಲ್ಲಿ ಇಬ್ಬರು ಬಂದು ನಿಂತರು.

ಒಬ್ಬರು ಅಂತೋಣಪ್ಪ. ಚರ್ಚಿನ ಹಿಂದಿನ ಬೀದಿಯವರು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ. ನನ್ನ ನಮೂನೆಗೆ ಮೊಳೆ ಜೋಡಿಸಿದವರೂ ಅವರೇ. ಎಂದರೆ ನನ್ನ ಕೃತಿಯ ಪ್ರಥಮ ವಾಚಕರು. ಅವರ ಹಿಂದೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತಿದ್ದವಳು ಚೌಡಮ್ಮ. ಊರಾಚೆ ದಕ್ಷಿಣಕ್ಕೆ ಅವಳದೊಂದು ವೀಳ್ಯದೆಲೆಯ ತೋಟ. ಅಂತೋಣಪ್ಪನವರ ಮನೆಗೆ ಎಲೆ ಕೊಡುವವಳು ಅವಳೇ.

“ಆಕ್ಷೇಪಣೆ ಕೊಡೋದಕ್ಕೆ ಇವತ್ತೇ ಕಡೇ ದಿನ ಅಲ್ವೇ ರಾಯರೇ? ನಾನೇ ಜೋಡಿಸಿದ್ದು, ಅದಕ್ಕೆ ಗೊತ್ತು” ಎಂದು ಅಂತೋಣಪ್ಪ ಒಂದು ಕಾಗದ ಮುಂದಿಟ್ಟರು. ಅಚ್ಚುಕೂಟದ ಹಾಳಾದ ಹಾಳೆಯೊಂದರ ಬೆನ್ನಿಗೆ ಚೌಡಮ್ಮ ಹೇಳಿದ್ದನ್ನು ಅವರು ಬರೆದುಕೊಂಡಿದ್ದರು. ಕೆಳಗೆ ಅವಳ ಹೆಬ್ಬೆಟ್ಟು. ನಾನು ಕಾಗದದ ಕಡೆ ಕಣ್ಣು ಹಾಯಿಸದೆ, ಏನಮ್ಮಾ ವಿಷಯ ಎಂದು ಗಡುಸಾಗಿ ಕೇಳಿದೆ. ಮನೆಯಲ್ಲಿ ಯಾರೂ ಹೆದರುವುದಿಲ್ಲವಾದ್ದರಿಂದ ನನ್ನ ಗಡುಸನ್ನೆಲ್ಲ ಕಚೇರಿಗಾಗಿ ಉಳಿಸಿಟ್ಟಿದ್ದ ಕಾಲ ಅದು.

“ಹನ್ನೊಂದ್ನೇ ಕಲ್ಮು ಸ್ವಾಮಿ” ಎಂದಳು ಚೌಡಮ್ಮ.

ತೆಗೆದು ನೋಡಿದೆ. ‘ಅರ್ಜಿದಾರನ ಎತ್ತುಗಳ ಬಣ್ಣ, ವಯಸ್ಸು ಮತ್ತು ಹಲ್ಲಿನ ವಿವರ. ಸೂಚನೆ: ಒಂದು ಜೋಡಿ ಎತ್ತುಗಳಿಲ್ಲದವರ ಅರ್ಜಿಯನ್ನು ತೆಗೆದುಕೊಳ್ಳತಕ್ಕದ್ದಲ್ಲ.’

“ಎತ್ತಿದ್ದಿದ್ರೆ ನಿಮ್ಮ ಕರೆಂಟು ನಂಗ್ಯಾಕ್ ಬೇಕಿತ್ತು ಸ್ವಾಮಿ? ಒಂದೆತ್ತು ಮುದಿಯಾಗಿ ಹೋಯ್ತು, ಇನ್ನೊಂದು ಕಾಲ್ ಮುರ್ಕೊಂಡು ಬಿತ್ತು. ಎರಡು ಬೇಸಿಗೆ ಆಯ್ತು, ನಾನೂ ನನ್ನ ಸೊಸೇನೂ ಬಿಂದಿಗೇಲಿ ಹೊತ್ತು ಹಾಕ್ತಿದೀವಿ. ಎಲೆಬಳ್ಳಿ ಅಂದ್ರೆ ಬಾಣಂತಿ ಇದ್ದಂಗೆ, ಒಂದು ದಿನ ತಪ್ಪಂಗಿಲ್ಲ. ನಮ್ಮತ್ತೆ ನೆಟ್ಟಿದ್ದು ಆ ಬಳ್ಳಿ. ಮೂರನೇ ಬೇಸಿಗೆ ಬಿಂದಿಗೇಲಿ ಆಗಾಕಿಲ್ಲ, ಒಣಗೋಯ್ತದೆ. ತಂತಿ ಈ ವರ್ಷ ನಮ್ಮ ದಾರೀಲೇ ಬತ್ತದಂತೆ. ದ್ಯಾವ್ರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಅಂಗಾಯ್ತಲ್ಲ!” ಎಂದಳು. ಉಸಿರು ತೆಗೆದುಕೊಂಡು, ಸ್ವಲ್ಪ ಮೆತ್ತಗೆ, “ಬರೆದೋರು ಯಾರೋ ಪಾಪ, ಎತ್ತು ಕಂಡೋರಲ್ಲ ಅನ್ಸತ್ತೆ” ಎಂದೂ ಸೇರಿಸಿದಳು.

ಆ ‘ಪಾಪ’ ನೆಟ್ಟಗೆ ಬಂದು ನನಗೇ ತಾಕಿತು. ಬರೆದವನು ನಾನೇ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. “ನೋಡೋಣ, ಹೋಗಿಬನ್ನಿ” ಎಂದೆ. ಸರ್ಕಾರಿ ಕಚೇರಿಯಲ್ಲಿ ‘ನೋಡೋಣ’ ಎಂದರೆ ಏನೆಂದು ಅವಳಿಗೂ ಗೊತ್ತಿತ್ತು. ಕೈ ಮುಗಿದು ಹೋದಳು.

ಈಗ ನನ್ನ ಸಂಕಟ ನೋಡಿ. ಟಿಪ್ಪಣಿ ಸಿದ್ಧವಾಗಿದೆ, ಶಾಯಿಯೂ ಆರಿದೆ. ಚೌಡಮ್ಮನ ಕಾಗದವನ್ನು ಮೇಕೆಯ ಕಾಗದದ ಜೊತೆ ಕಟ್ಟಿಬಿಟ್ಟರೆ ಕೇಳುವವರಿಲ್ಲ. ಮೇಲಕ್ಕೆ ಕಳಿಸಿದರೆ ನಾನು ಯೋಚಿಸದೆ ನಕಲು ಮಾಡಿದ್ದು ಬಯಲಾಗುತ್ತದೆ. ಆ ವರ್ಷ ನನಗೆ ಬಡ್ತಿಯ ಮಾತು ಬೇರೆ ನಡೆದಿತ್ತು. ನರಸಿಂಗರಾಯರನ್ನು ಮೆಲ್ಲಗೆ ಕೇಳಿದೆ. “ಬಿಡಯ್ಯಾ, ಮುಂದಿನ ಸಲ ತಿದ್ದೋಣ. ಒಬ್ಬಳಿಗೋಸ್ಕರ ನಮೂನೆ ಬದಲಾಯಿಸ್ತಾರೇನು?” ಎಂದರು. ಆ ಮಾತು ನನಗೆ ಬಹಳ ಹಿತವಾಗಿ ಕೇಳಿಸಿತು. ಹಿತವಾಗಿ ಕೇಳಿಸಿದ್ದಕ್ಕೇ ಇರಬೇಕು, ಮನೆಯವರೆಗೂ ತಲೆ ತಗ್ಗಿಸಿಕೊಂಡು ನಡೆದೆ.

ಊಟವಾದ ಮೇಲೆ ಮನೆಯಾಕೆ ಎಲೆಯ ತಟ್ಟೆ ತಂದಿಟ್ಟಳು. ಒಂದು ಎಲೆ ತೆಗೆದುಕೊಂಡು ತೊಟ್ಟು ಮುರಿದೆ, ಬೆನ್ನಿನ ನಾರು ತೆಗೆದೆ, ಸುಣ್ಣ ಸವರಿದೆ. ಬಾಯಿಗೆ ಹಾಕುವುದಕ್ಕಾಗಲಿಲ್ಲ. ಇಷ್ಟು ವರ್ಷ ಎಲೆ ಹಾಕಿದ್ದೇನೆ, ಅದಕ್ಕೆ ನೀರು ಹೊತ್ತವರು ಯಾರು ಎಂದು ಒಂದು ದಿನ ಕೇಳಿಕೊಂಡವನಲ್ಲ. ಮನೆಯಾಕೆ ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದಳು. ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಹಸಿವಾಗಿದೆ ಅಂತ ಬಂದೋರ್ನ, ಊಟ ಮಾಡ್ಕೊಂಡು ಬಾ, ಆಮೇಲೆ ಬಡಿಸ್ತೀನಿ ಅಂದ ಹಾಗಾಯ್ತಲ್ರೀ!” ಎಂದಳು. ಆಮೇಲೆ ನಗು ನಿಲ್ಲಿಸಿ, “ಬಡ್ತಿ ಬರದೇ ಹೋದ್ರೆ ಬೇಡ ಕಣ್ರೀ. ನಾಳೆ ಮೊದಲು ಅದನ್ನ ತಿದ್ದಿ” ಎಂದಳು. ನನ್ನ ಜೀವನದಲ್ಲಿ ಮೇಲಿನವರಿಂದ ಬಂದ ಹುಕುಂಗಳಲ್ಲಿ ಅಷ್ಟು ಸ್ಪಷ್ಟವಾದದ್ದು ಬೇರೊಂದಿಲ್ಲ.

ಮರುದಿನ ಟಿಪ್ಪಣಿ ಹರಿದುಹಾಕಿ ಹೊಸದನ್ನು ಬರೆದೆ. ‘ಈ ಪ್ರಮಾದವು ಗುಮಾಸ್ತನದು’ ಎಂಬ ಸಾಲೂ ಅದರಲ್ಲಿತ್ತು. ಅದನ್ನೂ ದುಂಡಾಗಿಯೇ ಬರೆದೆ. ಸಾಹೇಬರು ಓದಿದರು. ನಮೂನೆ ತರಿಸಿ ಹನ್ನೊಂದನೆಯ ಕಲಮನ್ನು ಇನ್ನೊಮ್ಮೆ ಓದಿದರು.

“ಏನ್ರೀ, ಎತ್ತಿನ ಹಲ್ಲಿಗೂ ಕರೆಂಟಿಗೂ ಎಲ್ಲಿಯ ಸಂಬಂಧ?”

“ಸಂಬಂಧ ಇಲ್ಲ ಸ್ವಾಮಿ.”

“ಮತ್ತೆ ನಾನೂ ಸಹಿ ಹಾಕಿದೀನಲ್ರೀ ಇದಕ್ಕೆ!”

ನಾನು ನೆಲ ನೋಡಿದೆ. ಅವರು ಕಿಟಕಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಕುರ್ಚಿ ಕಿರುಗುಟ್ಟಿತು, ದೊಡ್ಡದಾಗಿ ನಕ್ಕುಬಿಟ್ಟರು. ನಕ್ಕ ಮೇಲೆ ಕೆಂಪು ಪೆನ್ಸಿಲಿನಿಂದ ಹನ್ನೊಂದನೆಯ ಕಲಮನ್ನು ಹೊಡೆದುಹಾಕಿ, “ಇನ್ಮೇಲೆ ಯಾವ ನಮೂನೆ ಮಾಡಿದ್ರೂ ಅದನ್ನ ತುಂಬೋರಿಗೆ ಒಂದು ಸಲ ಓದಿ ಹೇಳಿ, ಆಮೇಲೆ ನನ್ನ ಹತ್ರ ತನ್ನಿ” ಎಂದರು. ನಾನು ಧೈರ್ಯ ಮಾಡಿ, ಕೊನೆಯಲ್ಲಿ ಒಂದು ಕಲಮು ಸೇರಿಸಲು ಅಪ್ಪಣೆ ಬೇಡಿದೆ: ‘ಈ ನಮೂನೆಯಲ್ಲಿ ಕೇಳದೆ ಬಿಟ್ಟದ್ದು ಏನಾದರೂ ಇದ್ದರೆ ತಿಳಿಸುವುದು.’ ಆಗಲಿ ಎಂದರು. ಇಪ್ಪತ್ತೆರಡು ಕಲಮುಗಳಲ್ಲಿ ನನ್ನ ಸ್ವಂತ ರಚನೆ ಅದೊಂದೇ. ಬಡ್ತಿ ಆ ವರ್ಷ ಬರಲಿಲ್ಲ. ಮನೆಯಾಕೆ ಆ ಮಾತೇ ಎತ್ತಲಿಲ್ಲ.

ಆ ಭಾನುವಾರ ಅಂತೋಣಪ್ಪನವರನ್ನು ಕರೆದುಕೊಂಡು ಚೌಡಮ್ಮನ ತೋಟಕ್ಕೆ ಹೋದೆ. ಸುದ್ದಿ ಹೇಳಿ, “ಅದನ್ನ ಬರೆದವನು ನಾನೇ ಕಣಮ್ಮ, ಅವತ್ತು ಹೇಳೋದಕ್ಕೆ ಬಾಯಿ ಬರಲಿಲ್ಲ” ಎಂದೆ. ಬಿಂದಿಗೆ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. “ಓ, ನೀವೇಯಾ? ಓಗ್ಲಿ ಬುಡಿ ಸ್ವಾಮಿ. ನಾನೂ ಎಷ್ಟೋ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿಲ್ವಾ?” ಎಂದಳು. ಅಷ್ಟೇ. ಕ್ಷಮೆ ಇಷ್ಟು ಸಲೀಸಾಗಿ ಸಿಗುತ್ತದೆಂದು ಗೊತ್ತಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹೊಸ ನಮೂನೆಯಲ್ಲಿ ಬಂದ ಮೊದಲ ಅರ್ಜಿ ಅವಳದೇ. ಅಂತೋಣಪ್ಪನವರ ಅಕ್ಷರ, ಅವಳ ಹೆಬ್ಬೆಟ್ಟು. ಕೊನೆಯ ಕಲಮಿನಲ್ಲಿ ಹೀಗಿತ್ತು: ‘ಕೇಳದೆ ಬಿಟ್ಟದ್ದು ಒಂದಿದೆ. ನಮೂನೆ ಬರೆದ ರಾಯರಿಗೆ ಎಲೆ ಹಾಕುವ ಅಭ್ಯಾಸ ಉಂಟೋ ಇಲ್ಲವೋ ತಿಳಿಯಬೇಕು.’ ನರಸಿಂಗರಾಯರು ಕಡತದಲ್ಲೆಲ್ಲ ಹುಡುಕಿದರು. ಇಂಥ ಪ್ರಶ್ನೆಗೆ ಪೂರ್ವನಿದರ್ಶನ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ಹೊಸದಾಗಿ ಯೋಚಿಸಿ, “ಉಂಟು ಅಂತ ಬರೆದುಬಿಡಯ್ಯಾ” ಎಂದರು.

ಆರು ತಿಂಗಳಿಗೆ ಅವಳ ಬಾವಿಗೆ ಪಂಪು ಬಂತು. ನಾನೂ ಹೋಗಿದ್ದೆ. ನೀರು ಮೊದಲು ಕೆಮ್ಮಿತು, ಆಮೇಲೆ ದಬದಬನೆ ಬಂತು. ಸೊಸೆ ಖಾಲಿ ಬಿಂದಿಗೆಯನ್ನು ಸೊಂಟದಲ್ಲಿ ಇಟ್ಟುಕೊಂಡೇ ನಿಂತಿದ್ದಳು, ಇಳಿಸುವುದಕ್ಕೆ ಮರೆತಿದ್ದಳು. ಚೌಡಮ್ಮ ಕಾಲುವೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಅತ್ತೆ ನೆಟ್ಟ ಬಳ್ಳಿಯ ಬುಡಕ್ಕೆ ಹಾಕಿ ಕಣ್ಣು ಮುಚ್ಚಿದಳು. ಅರಮನೆಯ ದೀಪ ನೋಡಿದಾಗ ನನಗೆ ಒಂದು ದಿನವೂ ಕಣ್ಣು ಮಂಜಾಗಿರಲಿಲ್ಲ.

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ನನಗೀಗ ಪಿಂಚಣಿ. ಹಲ್ಲುಗಳೂ ಒಂದೊಂದಾಗಿ ರಾಜೀನಾಮೆ ಕೊಡುತ್ತಿವೆ. ಎಲೆಯಡಿಕೆಯನ್ನು ಮನೆಯಾಕೆ ಕುಟ್ಟಿ ಕೊಡಬೇಕು. ಚೌಡಮ್ಮನ ಸೊಸೆ ವಾರಕ್ಕೊಮ್ಮೆ ಎಲೆ ತರುತ್ತಾಳೆ. ಹೋದ ವಾರ ಜಗುಲಿಯ ಮೇಲೆ ಬುಟ್ಟಿ ಇಳಿಸಿ, ಸೆರಗು ಬಾಯಿಗಿಟ್ಟುಕೊಂಡು, “ನಮ್ಮತ್ತೆ ಕೇಳ್ಕೊಂಡ್ ಬಾ ಅಂದ್ರು ಸ್ವಾಮಿ, ರಾಯರಿಗೆ ಹಲ್ಲು ಎಷ್ಟು ಉಳಿದಾವೆ ಅಂತ” ಎಂದಳು.

ಒಳಗಿನಿಂದ ಮನೆಯಾಕೆ ನಕ್ಕಳು. ಚೌಡಮ್ಮ ಎಷ್ಟು ವರ್ಷದ ಮೇಲೆ ಸೇಡು ತೀರಿಸಿಕೊಂಡಳಪ್ಪಾ ಎಂದುಕೊಂಡು, “ಹನ್ನೊಂದನೆಯ ಕಲಮಿನ ಪ್ರಕಾರ ನನ್ನ ಅರ್ಜಿ ತೆಗೆದುಕೊಳ್ಳತಕ್ಕದ್ದಲ್ಲ ಅಂತ ಹೇಳಮ್ಮ” ಎಂದೆ.

“ಅಯ್ಯೋ, ತಮಾಸೆಗಲ್ಲ ಸ್ವಾಮಿ” ಎಂದು ಅವಳು ಬುಟ್ಟಿಯ ತಳದಿಂದ ಬಾಳೆಪಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಕಟ್ಟು ತೆಗೆದಳು. “ಹಲ್ಲು ಕಮ್ಮಿ ಇದ್ರೆ ಇದು ಕೊಟ್ಬುಟ್ಟು ಬಾ ಅಂದ್ರು. ಬರೀ ಚಿಗುರೆಲೆ.”

ಕಟ್ಟು ಬಿಚ್ಚಿದೆ. ಮಗುವಿನ ಕಿವಿಯಷ್ಟು ಮೃದುವಾದ ಎಲೆಗಳು. ಹಲ್ಲಿನ ಲೆಕ್ಕವನ್ನು ನಾನೂ ಒಂದು ಕಾಲಕ್ಕೆ ಕೇಳಿದ್ದೆ, ಇಲ್ಲ ಎನ್ನುವುದಕ್ಕೆ. ಚೌಡಮ್ಮ ಕೇಳಿದ್ದು ಕೊಡುವುದಕ್ಕೆ.