ಮೇಣದ ಕಾಗದ ಇಟ್ಟ ಕಡೆ

ಆ ಗುರುವಾರ ಕರೆಂಟ್ ಹೋಗಿತ್ತು. ಕಾಗದ ಕತ್ತರಿಸುವ ಮಶೀನು ನಿಂತಿದ್ದರಿಂದ ನನ್ನ ಗಂಡ ಊಟದ ಹೊತ್ತಿಗೇ ಬೈಂಡಿಂಗ್ ಅಂಗಡಿಯಿಂದ ಮನೆಗೆ ಬಂದರು. ಜೇಬಿನಿಂದ ಬಣ್ಣದ ಕಾಗದದ ಚೂರುಗಳನ್ನು ತೆಗೆದು ಮೇಜಿನ ಮೇಲೆ ಹರವಿದರು. ತಟ್ಟೆ ಇಡಲು ಜಾಗ ಉಳಿಯಲಿಲ್ಲ.

"ಒಂದು ನಿಮಿಷ ಕಣೇ."

"ನಿಮ್ಮ ಒಂದು ನಿಮಿಷಕ್ಕೆ ಊಟ ಎರಡು ಸಲ ಆರುತ್ತೆ."

ಅವರು ಮೂವತ್ತೊಂದು ವರ್ಷ ಬೈಂಡರ್ ಆಗಿದ್ದರು. ಶಾಲೆಯ ಹಾಜರಿ ಪುಸ್ತಕ, ಆಫೀಸಿನ ಫೈಲು, ಹಳೇ ನಿಘಂಟು, ಏನು ಬಂದರೂ ಬೆನ್ನು ಕಟ್ಟಿ ಕೊಡುತ್ತಿದ್ದರು. ಬೀದಿಯ ಮಕ್ಕಳು ಅಂಟು ಮಾಮ ಎನ್ನುತ್ತಿದ್ದರು. ರಟ್ಟಿನ ಒಳಗೆ ಅಂಟಿಸುವ ಹೂವಿನ ಕಾಗದ ಕತ್ತರಿಸಿದ ಮೇಲೆ ಉಳಿದ ಚೂರು ಕಸಕ್ಕೆ ಹೋಗಬೇಕು. ಇವರ ಜೇಬಿಗೆ ಹೋಗುತ್ತಿತ್ತು. ನಾನು ನೋಡದೆ ಅಂಗಿ ನೆನೆಹಾಕಿದರೆ ಬಕೆಟ್ಟಿನ ನೀರೆಲ್ಲ ನೇರಳೆ.

ಆ ಚೂರುಗಳೆಲ್ಲ ಅವರ ಬೈಬಲ್ಲಿಗೆ. ಸಮುದ್ರ ದಾಟುವ ಕಥೆಯ ಪುಟದ ಅಂಚಿಗೆ ನೀಲಿ ಕಾಗದ. ಅದನ್ನು ಕತ್ತರಿ ಮುಟ್ಟಿಸದೆ ಕೈಯಲ್ಲೇ ಹರಿದು ಒಂದರ ಮೇಲೊಂದು ಅಂಟಿಸಿದ್ದರು. ಹರಿದ ಕಡೆ ಬಿಳಿ ಎಳೆ ಬಿಟ್ಟು ನೊರೆಯ ಹಾಗೆ ಕಾಣುತ್ತಿತ್ತು. ಮಗಳು ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತ ವರ್ಷ ಅವಳಿಗೆಂದು ಒಂದು ಕೀರ್ತನೆ ಆರಿಸಿ, ಅದರ ಮೇಲೆ ಕಿಟಕಿ ಬಾಗಿಲಿನ ಹಾಗೆ ತೆರೆಯುವ ಹಸಿರು ಕಾಗದ ಕೂರಿಸಿದರು. ಮಾತು ಬಿಟ್ಟಿದ್ದ ಅವರ ತಮ್ಮನಿಗೆ ಲಕೋಟೆಯ ಒಳಪದರದಿಂದ ಒಂದು ಪುಟ್ಟ ಜೇಬು, ಅದರೊಳಗೆ ಪ್ರಾರ್ಥನೆ ಬರೆದ ಚೀಟಿ. ನನ್ನ ಓದು ಮೂರನೇ ಕ್ಲಾಸಿಗೆ ನಿಂತದ್ದು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ನನಗೆ ಜಾಗ ಸಿಗಲಿ ಎಂದು ಪುಟಗಳ ಅಂಚಿಗೆ ಕಾಗದದ ಕಿವಿ ಅಂಟಿಸಿದ್ದರು. ಕೆಂಪು ಹೂವು ಇದ್ದರೆ ಕೀರ್ತನೆ, ಹಳದಿ ಗೆರೆ ಇದ್ದರೆ ಮತ್ತಾಯನ ಸುವಾರ್ತೆ.

ಪಾಸ್ಟರ್ ಒಮ್ಮೆ ತಿರುವಿ ನೋಡಿ, "ಇದರಲ್ಲಿ ದೇವರ ವಾಕ್ಯ ಎಲ್ಲಿದೆ?" ಅಂದರು.

"ಒಂದನ್ನೂ ಮುಚ್ಚಿಲ್ಲ ಪಾಸ್ಟರೇ. ಬಾಗಿಲು ತೆಗೆದು ನೋಡಿ."

ಕೊನೆಗೆ ಬೈಬಲ್ಲನ್ನು ಮುಚ್ಚಲು ಆಗುತ್ತಿರಲಿಲ್ಲ. ನಿಮ್ಮ ಹಾಗೇ ಅದಕ್ಕೂ ಹೊಟ್ಟೆ ಬಂತು ಅಂದೆ. "ನನಗೆ ನೀನು ಬಡಿಸಿದೆ, ಅದಕ್ಕೆ ನಾನು ಬಡಿಸಿದೆ" ಅಂದರು. ಹಳೇ ಬೆನ್ನು ಬಿಚ್ಚಿ, ನಡುನಡುವೆ ಕಾಗದದ ಪಟ್ಟಿ ಸೇರಿಸಿ ಅಗಲ ಮಾಡಿ ಮತ್ತೆ ಹೊಲಿದರು.

ಅದರಲ್ಲಿ ಎಲ್ಲರಿಗೂ ಒಂದು ಪುಟ ಇತ್ತು. ನನಗೆ ಇರಲಿಲ್ಲ. ಕಿವಿಗಳೇನೋ ನನಗಾಗಿ, ಆದರೆ ಪುಟ ಬೇರೆ. "ಜಗಳ ಆಡಿದ ತಮ್ಮನಿಗೂ ಉಂಟು, ಬೇಯಿಸಿ ಹಾಕೋಳಿಗೆ ಇಲ್ಲ" ಎಂದು ಚುಚ್ಚುತ್ತಿದ್ದೆ. "ತಾಳು, ನಿಂದೂ ಬರುತ್ತೆ" ಎನ್ನುತ್ತಿದ್ದರು.

ಆ ಗುರುವಾರ ಬಂತು. ಈ ಕಡೆ ತಿರುಗಬೇಡ ಎಂದು ನನ್ನನ್ನು ಒಲೆಯ ಕಡೆಗೆ ಕಳಿಸಿದರು. ಏನೋ ಬರೆದರು, ಕತ್ತರಿಸಿದರು, ಅಂಟಿಸಿದರು. ಅಷ್ಟರಲ್ಲಿ ಕರೆಂಟ್ ಬಂತು ಎಂದು ಅಂಗಡಿಯಿಂದ ಫೋನು. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದರು.

"ಪುಟ ಹಸಿ ಇದೆ. ಗುರುತಿಗೆ ನೂಲು ಇಟ್ಟಿದ್ದೀನಿ, ಅಲ್ಲೇ ಮೇಣದ ಕಾಗದ ತೂರಿಸಿ ಮುಚ್ಚು. ಮೇಲೆ ಇಸ್ತ್ರಿ ಪೆಟ್ಟಿಗೆ ಇಡು. ನೋಡಬೇಡ ಮಾತ್ರ. ಎರಡು ದಿನ ಒಣಗಲಿ, ಆಮೇಲೆ ನಾನೇ ತೋರಿಸ್ತೀನಿ."

ಹೇಳಿದ ಮಾತು ಕೇಳುವವಳಲ್ಲ ನಾನು. ಅವತ್ತು ಕೇಳಿದೆ. ಕಣ್ಣು ಮುಚ್ಚಿಕೊಂಡು ನೂಲನ್ನು ತಡಕಿ ಕಾಗದ ತೂರಿಸಿದೆ. ಪುಸ್ತಕ ಮುಚ್ಚಿ ಇಸ್ತ್ರಿ ಪೆಟ್ಟಿಗೆ ಹೇರಿದೆ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅಂಗಡಿಯಲ್ಲಿ ಅವರ ಎದೆಬಡಿತ ನಿಂತಿತು. ಹೊಲಿಯುತ್ತಿದ್ದ ಪುಸ್ತಕ ಮಡಿಲಲ್ಲೇ ಇತ್ತಂತೆ.

ಮೂರನೇ ವಾರ ಅವರ ಅಂಗಿಗಳನ್ನು ಯಾರಿಗಾದರೂ ಕೊಡೋಣ ಎಂದು ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಆಗ ಬೈಬಲ್ ನೆನಪಾಯಿತು. ಮೇಣದ ಕಾಗದ ಎರಡು ಹಾಳೆ ಆಚೆ, ಒಣ ಪುಟಗಳ ನಡುವೆ ಹೊಸದರಂತೆ ಕುಳಿತಿತ್ತು. ನನ್ನ ಪುಟವೂ ಅದರ ಎದುರು ಪುಟವೂ ಕೂಡಿಕೊಂಡು ರಟ್ಟಾಗಿದ್ದವು.

ಮಗಳು ತುದಿ ಹಿಡಿದಳು. "ಒಂದೇ ಎಳೆತ ಅಮ್ಮ."

"ಕೈ ತೆಗಿ."

"ಒಳಗೆ ಏನಿದೆ ಅಂತ ತಿಳೀಬೇಡ್ವಾ ನಿನಗೆ?"

"ತಿಳೀಬೇಕು. ಹರಿದು ತಿಳಿಯೋದು ಬೇಡ."

ಅಂಗಡಿಯಲ್ಲಿ ಕಟಿಂಗ್ ಮಶೀನು ನಡೆಸುವವರನ್ನು ಕರೆಸಿದೆ. ಇವರ ಜೊತೆ ಇಪ್ಪತ್ತು ವರ್ಷ ದುಡಿದವರು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮೂಸಿ ನೋಡಿದರು.

"ಮೈದಾ ಅಂಟು. ತೆಳು ಕಾಗದ ಅಲ್ವಾ, ಆಚೆಗೂ ಒಸರಿದೆ. ಹಬೆಗೆ ಬಿಡುತ್ತೆ. ಡಬ್ಬದ ಬಿಳಿ ಅಂಟಾಗಿದ್ರೆ ಕಥೆ ಮುಗೀತಿತ್ತು. ಅವರು ಯಾವಾಗಲೂ ಬರೆಯೋದು ಪೆನ್ಸಿಲ್ಲಲ್ಲೇ, ಅದಕ್ಕೇನಾಗಲ್ಲ. ಕೊಡಿ ಅತ್ತಿಗೆ, ನಾಳೆ ಸಂಜೆಗೆ ಬಿಡಿಸಿ ತರ್ತೀನಿ."

"ನೀವು ಮೊದಲು ಓದ್ತೀರಿ."

ಅವರು ತಲೆ ಕೆರೆದುಕೊಂಡರು. "ಕಣ್ಣು ಮುಚ್ಕೊಂಡು ಬಿಡಿಸ್ತೀನಿ."

"ಕಣ್ಣು ಮುಚ್ಕೊಂಡು ಮಾಡಿದ್ದಕ್ಕೇ ಹೀಗಾಗಿರೋದು."

ಮಗಳು ನಕ್ಕಳು. ಮೂರು ವಾರದಲ್ಲಿ ಮೊದಲ ಸಲ. ಅವರು ಮಾಡುವ ಬಗೆ ತೋರಿಸಿ, ಮಡಿಕೆ ಒತ್ತಲು ಇವರು ಬಳಸುತ್ತಿದ್ದ ಮೂಳೆಯ ಪಟ್ಟಿಯನ್ನು ಅಂಗಡಿಯಿಂದ ತಂದುಕೊಟ್ಟರು. ಬೈಬಲ್ಲಿನ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು, ದಿನಕ್ಕೆ ಅಕ್ಕಿಕಾಳಿನಗಲಕ್ಕಿಂತ ಹೆಚ್ಚು ಆಸೆಪಡಬೇಡಿ ಎಂದು ಹೇಳಿ ಹೋದರು.

ಮೊದಲ ವಾರ ಒಂದು ಮೂಲೆ ಬಿಟ್ಟಿತು. ಬಿಳಿಯ ಮೇಲೆ ಸಣ್ಣ ಕಂದು ಎಲೆಗಳ ಕಾಗದ. ಮದುವೆಯಾದ ಹೊಸತರಲ್ಲಿ ಇದ್ದ ಬಾಡಿಗೆ ಕೋಣೆಯ ಬೀರುವಿನ ಖಾನೆಗೆ ನಾನು ಹಾಸಿದ್ದ ಕಾಗದ ಅದು. ಮನೆ ಬದಲಿಸುವ ದಿನ ನಾನೇ ಕಸಕ್ಕೆ ಹಾಕಿದ್ದೆ. ಕಸದಿಂದ ತೆಗೆದು ಇಪ್ಪತ್ತೊಂಬತ್ತು ವರ್ಷ ಎಲ್ಲಿಟ್ಟಿದ್ದರೋ, ನನಗೆ ಗೊತ್ತಿಲ್ಲ. ಧೂಳು ಹೊಡೆಯುವವಳು ನಾನೇ.

ಆಮೇಲೆ ಅಕ್ಷರ ಬಂದವು. ನನಗೆ ತಿಳಿಯಲಿ ಎಂದು ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದಾರೆ. ನಾನು ಓದುವ ವೇಗಕ್ಕೂ ಪುಟ ಬಿಡುವ ವೇಗಕ್ಕೂ ಸರಿಹೋಯಿತು. ಮೊದಲ ಸಾಲು ಪೂರ್ತಿ ಬರಲು ಒಂದು ತಿಂಗಳು ಹಿಡಿಯಿತು. 'ನಿನ್ನನ್ನು ಕಡೆಗೆ ಇಟ್ಟೆ ಅಂತ ಬೈಬೇಡ' ಎಂದಿತ್ತು.

ಬೈದೆ. ಕೆಟಲ್ ಮುಂದೆ ನಿಂತು, ಜೋರಾಗಿಯೇ.

ಎರಡನೇ ಸಾಲಿನಲ್ಲಿ ಈಗ ನಾಲ್ಕು ಅಕ್ಷರ ಆಗಿವೆ. ಕೆಳಗೆ ಇನ್ನೂ ಎಷ್ಟು ಸಾಲಿವೆಯೋ. ಮಗಳು ಭಾನುವಾರ ಬಂದಾಗ, "ಅಪ್ಪ ಎಲ್ಲೀವರೆಗೆ ಬಂದ್ರು?" ಎಂದು ಕೇಳುತ್ತಾಳೆ. ಹೇಳುವುದಿಲ್ಲ.

ಬೆಳಿಗ್ಗೆ ಎದ್ದು ಕೆಟಲ್ ಇಡುತ್ತೇನೆ. ಹಬೆ ಬಂದಾಗ ಪುಟವನ್ನು ಒಂದು ಗೇಣು ದೂರ ಹಿಡಿದು ಇಪ್ಪತ್ತು ಎಣಿಸುತ್ತೇನೆ. ಮೂಳೆಯ ಪಟ್ಟಿ ತೂರಿಸಿ ಅಕ್ಕಿಕಾಳಿನಷ್ಟು ಬಿಡಿಸುತ್ತೇನೆ. ಬಿಟ್ಟ ಜಾಗಕ್ಕೆ ಮೇಣದ ಕಾಗದ ಇಡುತ್ತೇನೆ, ಕಣ್ಣು ಬಿಟ್ಟುಕೊಂಡು. ಪುಸ್ತಕ ಮುಚ್ಚಿ ಇಸ್ತ್ರಿ ಪೆಟ್ಟಿಗೆ ಹೇರಿದ ಮೇಲೆ ಕೆಟಲ್ಲಿನಲ್ಲಿ ಉಳಿದ ನೀರಿಗೆ ಚಹಾ ಪುಡಿ ಹಾಕುತ್ತೇನೆ.