ದ್ರಾಕ್ಷಿ ಲೆಕ್ಕದ ಗುಳಿಗೆ

ನಮ್ಮ ಮನೆಯಲ್ಲಿ ಹಾರ್ಮೋನಿಗೆ ಯಾರೂ ಹೆದರುತ್ತಿರಲಿಲ್ಲ. ಕಾಗವಾಡದ ಹೊರಗೆ ಮಾವನ ದ್ರಾಕ್ಷಿ ತೋಟವಿತ್ತು. ಕಾಯಿ ಕಚ್ಚಿತೆಂದರೆ ಮನೆಯ ಹೆಂಗಸರೆಲ್ಲ ಮಗ್ಗಿನಲ್ಲಿ ಜಿ.ಎ. ಎಂಬ ಔಷಧದ ನೀರು ಹಿಡಿದು, ಚಪ್ಪರಕ್ಕೆ ಜೋತುಬಿದ್ದ ಗೊನೆಗಳನ್ನು ಒಂದೊಂದಾಗಿ ಅದ್ದುತ್ತಿದ್ದೆವು. ಅದೂ ಹಾರ್ಮೋನೇ, ಕಾಯಿ ದಪ್ಪಗಾಗಲಿ ಎಂದು. ಒಮ್ಮೆ ಅದ್ದಿದರೆ ಸಾಲದು, ಕೆಲವು ದಿನ ಬಿಟ್ಟು ಇನ್ನೊಮ್ಮೆ ಅದ್ದಬೇಕು. ಎರಡನೇ ಸಲ ಅದ್ದದವನ ಮಾಲನ್ನು ಸಾಂಗಲಿಯ ದಲಾಲಿ ಮೂಸಿಯೂ ನೋಡುವುದಿಲ್ಲ ಎಂಬುದು ಮಾವನ ವೇದವಾಕ್ಯ.

ತೊಂಬತ್ತರ ದಶಕದ ಶುರುವಿನಲ್ಲಿ, ಎರಡನೇ ಹೆರಿಗೆಯಾದ ಮೇಲೆ, ನಾನು ಊದಿಕೊಂಡೆ. ಕೂತಲ್ಲೇ ತೂಕಡಿಸುತ್ತಿದ್ದೆ. ಅತ್ತೆ ಅದಕ್ಕೆ ಸೋಮಾರಿತನ ಎಂದು ಆಗಲೇ ಹೆಸರಿಟ್ಟಾಗಿತ್ತು. ಮಿರಜಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದರು. ಮೈಯಲ್ಲಿ ಕಮ್ಮಿ ಬಿದ್ದ ಹಾರ್ಮೋನನ್ನು ಹೊರಗಿನಿಂದ ಕೊಡಬೇಕು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ ಎಂದರು. ಜೊತೆಗೆ ಬಂದಿದ್ದ ಮಾವನ ಕಿವಿಗೆ ಬಿದ್ದದ್ದು ಹಾರ್ಮೋನ್ ಎಂಬುದಷ್ಟೇ.

ಕೆಲವು ವಾರ ಕಳೆದರೂ ನನ್ನ ತೂಕಡಿಕೆ ಪೂರ್ತಿ ಹೋಗಲಿಲ್ಲ. ಮಾವನಿಗೆ ತಡೆಯಲಾಗಲಿಲ್ಲ.

"ಒಂದ ಸಲ ಅದ್ದಿದ್ರ ಯಾವ ಗೊನಿ ದಪ್ಪ ಆಗೇತಿ? ಸಂಜೀಗೂ ಒಂದ ತಗೋ, ಯವ್ವಾ."

"ಡಾಕ್ಟರ ಒಂದ ಅಂದಾರ್ರಿ," ಎಂದೆ.

"ಡಾಕ್ಟರಗ ದ್ರಾಕ್ಷಿ ಬಾಗ ಐತೇನ?"

ಡಾಕ್ಟರಿಗೆ ತೋಟವಿರಲಿಲ್ಲ. ಸಂಜೆಗೂ ಒಂದು ನುಂಗತೊಡಗಿದೆ.

ತೂಕಡಿಕೆ ಹೋಯಿತು. ಜೊತೆಗೆ ನಿದ್ದೆಯೂ ಹೋಯಿತು. ಎದೆ ಡವಗುಟ್ಟುತ್ತಿತ್ತು, ಬೆರಳು ನಡುಗುತ್ತಿದ್ದವು. ಗಂಡ ಶಿರಗುಪ್ಪಿಯಿಂದ ಬರುವುದು ಸ್ವಲ್ಪ ತಡವಾದರೆ ಮೋಟರ್ ಸೈಕಲ್ಲು ಕಬ್ಬಿನ ಲಾರಿಯ ಕೆಳಗೆ ಹೋಯಿತೆಂದೇ ಲೆಕ್ಕ. ಕೂಸು ಸೀನಿದರೂ ಜೀವ ಬಾಯಿಗೆ ಬರುತ್ತಿತ್ತು. ಸುಮ್ಮನೆ ಕೂತರೆ ಹೆದರಿಕೆ ಹೆಚ್ಚುತ್ತಿತ್ತು, ಅದಕ್ಕೇ ಕೂರುತ್ತಲೇ ಇರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದು, ಎಲ್ಲರ ಪಾಲಿನ ರೊಟ್ಟಿಯನ್ನೂ ನಾನೇ ಬಡಿಯುತ್ತಿದ್ದೆ. ಅತ್ತೆ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು.

"ನಮ್ಮ ಸೊಸಿನ ನೋಡ್ರಿ, ಗಾಳಿ ಹಾಂಗ ತಿರಗತಾಳ!"

ಮದುವೆಯಾದಾಗಿನಿಂದ ಅಷ್ಟು ಹೊಗಳಿಕೆ ನಾನು ಕೇಳಿರಲಿಲ್ಲ. ಒಳಗೆ ಮಾತ್ರ ನನಗೆ ಹುಚ್ಚು ಹಿಡಿಯುತ್ತಿದೆ ಎಂದು ಖಾತ್ರಿಯಾಗಿತ್ತು. ತಲೆ ಕೆಟ್ಟಿತೆಂದು ಸೊಸೆಯನ್ನು ತವರಿಗೆ ಅಟ್ಟಿ, ಮಕ್ಕಳನ್ನು ಇಟ್ಟುಕೊಂಡ ಮನೆ ನಮ್ಮ ಓಣಿಯಲ್ಲೇ ಇತ್ತು. ನನ್ನ ತವರು ರಾಯಬಾಗದಲ್ಲಿ. ಮಕ್ಕಳನ್ನು ಬಿಟ್ಟು ಆ ಬಸ್ಸು ಹತ್ತುವುದನ್ನು ನೆನೆದು, ಮಲಗಿದ ಮಕ್ಕಳನ್ನು ರಾತ್ರಿ ಎದ್ದೆದ್ದು ನೋಡುತ್ತಿದ್ದೆ. ಯಾರ ಮುಂದೂ ಬಾಯಿ ಬಿಡಲಿಲ್ಲ.

ಗೊನೆ ಅದ್ದುವ ಕಾಲ ಬಂತು. ನನ್ನ ಕೈ ನಡುಗಿ ಮಗ್ಗು ತುಳುಕಿತು, ಜಿ.ಎ. ನೀರು ಗೊನೆಗಿಂತ ಹೆಚ್ಚಾಗಿ ನನ್ನ ಸೀರೆಗೇ ಬಿತ್ತು. ಅಷ್ಟು ದಿನ ನನ್ನ ನಡುಕ ಕಾಣದ ಮಾವನಿಗೆ ಔಷಧ ಹಾಳಾಗುವುದು ತಕ್ಷಣ ಕಂಡಿತು. ಮರುದಿನವೇ ಮಿರಜಿಗೆ ಕರೆದೊಯ್ದರು.

ಗುಳಿಗೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಮಾವನೇ ಎದೆಯುಬ್ಬಿಸಿ, ಎರಡನೇ ಅದ್ದುವಿಕೆಯ ಮಹಿಮೆಯನ್ನೆಲ್ಲ ವಿವರಿಸಿದರು. ಡಾಕ್ಟರು ಹಣೆ ಚಚ್ಚಿಕೊಂಡರು.

"ಅಹೋ ಮಾಮಾ, ಈಕಿ ಹೆಣಮಗಳ್ರೀ, ದ್ರಾಕ್ಷಿ ಗೊನಿ ಅಲ್ಲ!" ಎಂದು ಮರಾಠಿ ಬೆರೆಸಿ ಬೈದು, ನನ್ನ ಕಡೆ ತಿರುಗಿದರು. "ಮನಸಿನ್ಯಾಗ ಭಾಳ ಹೆದರಿಕಿ ಆಗತೈತೇನವಾ? ಅದು ಹುಚ್ಚಲ್ಲ. ಗುಳಿಗಿ ಹೆಚ್ಚಾಗೇತಿ, ಅಷ್ಟ."

ಮಾವನ ಎದುರು ಸೆರಗು ಜಾರದಂತೆ ನೋಡಿಕೊಳ್ಳುತ್ತಿದ್ದ ನಾನು ಅದೇ ಸೆರಗನ್ನು ಬಾಯಿಗೆ ತುರುಕಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಗುಳಿಗೆ ಒಂದಕ್ಕೆ ಇಳಿಯಿತು. ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ, ಹೇಳದೆ ಕೇಳದೆ ಸ್ವಲ್ಪ ಸ್ವಲ್ಪವೇ ಹೋಯಿತು. ನಿದ್ದೆ ಬಂತು. ಗಂಡ ತಡವಾಗಿ ಬಂದರೆ ಬೈಯುವಷ್ಟು ಆರೋಗ್ಯವೂ ಬಂತು. ಚಹಾವನ್ನು ಕೂತು ಕುಡಿಯತೊಡಗಿದೆ.

ದ್ರಾಕ್ಷಿ ಕಟಾವಿನ ಹಿಂದಿನ ದಿನ ಅತ್ತೆ ಹತ್ತಿರ ಬಂದು ಕೂತರು. ಹಿಂದೆಂದೂ ಇಲ್ಲದ ಅಕ್ಕರೆಯಿಂದ ನನ್ನ ಬೆನ್ನು ಸವರಿದರು.

"ಕಟಾವ ಮುಗಿಯೂಮಟ ಗುಳಿಗಿ ಎರಡ ತಗೋತೀಯೇನ, ಯವ್ವಾ?"

ತಲೆ ಕೆಟ್ಟವಳೆಂದು ಈ ಮನೆಯವರು ನನ್ನನ್ನು ತವರಿಗೆ ಅಟ್ಟುತ್ತಾರೆಂದು ಅಷ್ಟು ತಿಂಗಳು ನಡುಗಿದ್ದೆನಲ್ಲ. ಇವರಿಗೆ ಬೇಕಾಗಿದ್ದವಳು ಆ ತಲೆ ಕೆಟ್ಟವಳೇ.