ವೆಬ್‌ಸೈಟಿಗೂ ಸೋಮವಾರ

ಗೆಳೆಯರೇ, ಇವತ್ತು ಬೇಲೆಕೇರಿಯ ಮಾಲಿನಿ ಅಕ್ಕ ಅಂಕೋಲೆಯ ನನ್ನ ಸೈಬರ್ ಕೆಫೆಗೆ ಬಂದವಳೇ ಜಗಳಕ್ಕೆ ನಿಂತಳು. ಅವಳ ಒಣಮೀನಿನ ಅಂಗಡಿಗೆ ವೆಬ್‌ಸೈಟ್ ಮಾಡಿ, ಒಣಮೀನು ಹುಡುಕಿದವರಿಗೆಲ್ಲ ಅದೇ ಮೊದಲು ಕಾಣುವಂತೆ ನಿನ್ನೆಯಷ್ಟೇ ಜಾಹೀರಾತು ಹಾಕಿದ್ದೆ.

“ತಮ್ಮಾ, ಸೋಮವಾರ ನಮ್ಮಲ್ಲಿ ಯಾರೂ ಮೀನು ಮುಟ್ಟೂದಿಲ್ಲ. ನನ್ನ ಅಂಗಡಿಗೇ ಬಾಗ್ಲು ಹಾಕಿದ್ದೆ. ನೀ ಎಂತಕ್ಕೆ ಊರಿಗೆಲ್ಲ ಮೀನು ತೋರಿಸ್ತಾ ಕೂತಿದ್ದಿ? ಬಂದ್ ಮಾಡು!”

“ಅಕ್ಕಾ, ಇಂಟರ್ನೆಟ್ಟಿಗೆ ಸೋಮವಾರ ಗೀಮವಾರ ಇಲ್ಲ.”

“ದೇವ್ರಿಗೆ ಇಂಟರ್ನೆಟ್ಟು ಕಾಣೂದಿಲ್ಲ ಅಂದ್ಕಂಡ್ಯಾ?”

ಜಾಹೀರಾತಿನ ಮಹಿಮೆ ತೋರಿಸೋಣವೆಂದು ಮೇಲ್ ತೆರೆದೆ. ಮೊದಲ ಗಿರಾಕಿಯ ಪತ್ರ ಬಂದಿತ್ತು. ಮಸ್ಕತ್‌ನಲ್ಲಿ ಕೆಲಸಕ್ಕಿರುವ ಕಾರವಾರದವರು. ಗಟ್ಟಿಯಾಗಿ ಓದಿದೆ: “ನಿಮ್ಮ ಒಣ ಬಂಗಡೆ ನೋಡಿ ಬಾಯಲ್ಲಿ ನೀರು ಬಂತು. ಇವತ್ತು ಸೋಮವಾರ, ರೇಟು ನಾಳೆ ಕೇಳ್ತೆ.”

ಮೈ ಜುಂ ಎಂದಿತು. ಕಡಲಿನಾಚೆ, ಕೇಳುವವರೇ ಇಲ್ಲದ ಯಾವುದೋ ಕೋಣೆಯಲ್ಲಿ, ಒಬ್ಬರು ನಮ್ಮ ಸೋಮವಾರವನ್ನು ಪಾಲಿಸುತ್ತಿದ್ದಾರೆ. ನನ್ನ ಪುಟ್ಟ ಜಾಹೀರಾತು ಒಂದೇ ದಿನದಲ್ಲಿ ಅವರನ್ನು ಹುಡುಕಿಕೊಂಡಿದೆ!

“ಪಾಪ, ಅವ್ರಿಗೆ ಒಳ್ಳೇದು ತೆಗ್ದಿಡ್ತೆ” ಎಂದಳು ಅಕ್ಕ.

ಈಗ ವೆಬ್‌ಸೈಟ್ ತೆರೆದರೆ ಮೀನು ಕಾಣುವುದಿಲ್ಲ. ‘ಇವತ್ತು ಸೋಮವಾರ’ ಎಂದಷ್ಟೇ ಇದೆ. ನಮ್ಮ ಗಿರಾಕಿಗಳಿಗೆ ಅಷ್ಟು ಸಾಕು.